ಹುಲ್ಲು ಕತ್ತರಿಸುವ ಸವಾರಿ ಯಂತ್ರ: ಅಲಗಿನ ಬಳಿ ಕೈಹಾಕುವ ಮುನ್ನ

ಊರು ಬಿಟ್ಟು ಬಂದ ನಮ್ಮವರು ಮಾಡದ ಕೆಲಸವಿಲ್ಲ. ಹೋಟೆಲು, ಕಚೇರಿ, ಕಾರ್ಖಾನೆಗಳ ಮಾತು ಎಲ್ಲರಿಗೂ ತಿಳಿದದ್ದೇ. ದೊಡ್ಡ ನಗರಗಳ ಕ್ಲಬ್ಬು, ಆಟದ ಮೈದಾನ, ವಿದ್ಯಾಪೀಠ, ಕಂಪೆನಿಗಳ ಆವರಣಗಳಲ್ಲಿ ತೋಟದ ಕೆಲಸಕ್ಕೆ ನಿಂತವರೂ ಉಂಟು. ಒಂದು ಕಾಲಕ್ಕೆ ಅವರ ಕೈಯಲ್ಲಿ ಕುಡುಗೋಲು ಇತ್ತು. ಆಮೇಲೆ ತಳ್ಳುವ ಯಂತ್ರ ಬಂತು. ಈಗ ಹಲವು ಕಡೆ ಮೇಲೆ ಕುಳಿತು ನಡೆಸುವ ಯಂತ್ರ ಬಂದಿದೆ. ನೋಡಲು ಚಿಕ್ಕ ಟ್ರ್ಯಾಕ್ಟರಿನಂತಿರುವ ಈ ಯಂತ್ರ ದಿನದ ಕೆಲಸವನ್ನು ಗಂಟೆಗಳಲ್ಲಿ ಮುಗಿಸುತ್ತದೆ. ಆದರೆ ಅದರ ಹೊಟ್ಟೆಯ ಕೆಳಗೆ ಇರುವುದು ಅಲಗು. ಆ ಅಲಗನ್ನೂ ಅದರ ಮನೆಯನ್ನೂ ಕ್ಷೇಮವಾಗಿ ನೋಡಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಿದೆ.

ಕಚೇರಿಯಲ್ಲಿ ಲೆಕ್ಕ ಬರೆಯುವವರಿಗೆ ಇದರಿಂದ ಏನಾಗಬೇಕು ಎಂದು ಕೇಳಬಹುದು. ಯಂತ್ರದೊಂದಿಗೆ ಬರುವ ಕೈಪಿಡಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಮೇಸ್ತ್ರಿಯ ಅಪ್ಪಣೆ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. ಯಂತ್ರದ ಕೆಳಗೆ ಕೈಹಾಕುವವನು ಮಾತ್ರ ಕನ್ನಡದವನಾಗಿದ್ದರೆ, ಮಧ್ಯದಲ್ಲಿ ಓದಿ ಹೇಳುವ ಒಬ್ಬ ಬೇಕಾಗುತ್ತದೆ. ಆ ಒಬ್ಬ ನೀವೇ ಆಗಿರಬಹುದು.

ಯಂತ್ರದ ಹುಟ್ಟು, ಡೆಕ್ಕಿನ ರಚನೆ

ಹುಲ್ಲು ಕತ್ತರಿಸುವ ಯಂತ್ರದ ಮೊದಲ ಪೇಟೆಂಟನ್ನು 1830ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದ ಎಡ್ವಿನ್ ಬಡಿಂಗ್ ಎಂಬಾತ ಪಡೆದ. ಬಟ್ಟೆಯ ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲೆ ಎದ್ದ ನವಿರನ್ನು ಸಮನಾಗಿ ಕತ್ತರಿಸುವ ಯಂತ್ರವನ್ನು ಕಂಡು ಆತನಿಗೆ ಈ ಯೋಚನೆ ಹೊಳೆಯಿತು. ಮುಂಬಯಿಯ ಗಿರಣಿಗಳಲ್ಲಿ ಆಯುಷ್ಯ ಸವೆಸಿದ ಹಿರಿಯರು ನಮ್ಮಲ್ಲಿ ಇದ್ದಾರೆ; ಹುಲ್ಲಿನ ಯಂತ್ರ ಗಿರಣಿಯ ಕೂಸು ಎಂದರೆ ಅವರಿಗೆ ಸಂತೋಷವಾದೀತು. ಬಡಿಂಗನ ಯಂತ್ರದಲ್ಲಿ ಉರುಳೆಯ ಸುತ್ತ ಬಾಗಿದ ಅಲಗುಗಳಿದ್ದು, ಅವು ಕತ್ತರಿಯಂತೆ ಕೆಲಸ ಮಾಡುತ್ತಿದ್ದವು. ಇಂದಿನ ಸಾಮಾನ್ಯ ಸವಾರಿ ಯಂತ್ರದ ರೀತಿ ಬೇರೆ. ಇಲ್ಲಿ ಅಲಗು ಫ್ಯಾನಿನ ರೆಕ್ಕೆಯಂತೆ ಅಡ್ಡಲಾಗಿ ತಿರುಗಿ, ವೇಗದ ಬಲದಿಂದಲೇ ಹುಲ್ಲನ್ನು ಹೊಡೆದು ಕಡಿಯುತ್ತದೆ.

ಈ ಅಲಗುಗಳ ಮನೆಗೆ ಡೆಕ್ಕು ಎಂದು ಹೆಸರು. ಬೋರಲು ಹಾಕಿದ ಅಗಲವಾದ ಉಕ್ಕಿನ ಬೋಗುಣಿಯನ್ನು ನೆನೆದುಕೊಂಡರೆ ಸಾಕು. ಯಂತ್ರದ ಮುಂದಿನ ಹಿಂದಿನ ಗಾಲಿಗಳ ನಡುವೆ ಅದು ತೂಗುಬಿದ್ದಿರುತ್ತದೆ. ಒಂದು ಹಿಡಿಕೆಯಿಂದ ಅದನ್ನು ಏರಿಸಿ ಇಳಿಸಬಹುದು. ಡೆಕ್ಕಿನ ನೆತ್ತಿಯ ಮೂಲಕ ಎರಡೋ ಮೂರೋ ತಿರುಗುವ ಕಂಬಿಗಳು ಇಳಿದಿರುತ್ತವೆ. ಅವನ್ನು ಸ್ಪಿಂಡಲು ಎನ್ನುತ್ತಾರೆ. ಪ್ರತಿಯೊಂದರ ಕೆಳತುದಿಯಲ್ಲಿ ಒಂದು ಅಲಗು, ಮೇಲ್ತುದಿಯಲ್ಲಿ ಒಂದು ಪುಲ್ಲಿ. ಎಂಜಿನಿನಿಂದ ಬರುವ ಬೆಲ್ಟು ಈ ಪುಲ್ಲಿಗಳನ್ನು ಬಳಸಿ ಎಲ್ಲ ಅಲಗುಗಳನ್ನೂ ಒಟ್ಟಿಗೆ ತಿರುಗಿಸುತ್ತದೆ. ಪಕ್ಕದಲ್ಲಿ ಕತ್ತರಿಸಿದ ಹುಲ್ಲು ಹೊರಬೀಳುವ ಬಾಯಿ, ಅದರ ಮೇಲೆ ಒಂದು ಮರೆ.

ವೇಗದ ಲೆಕ್ಕವನ್ನೂ ಒಮ್ಮೆ ಮಾಡಿ ನೋಡೋಣ. 45 ಸೆಂಟಿಮೀಟರ್ ಉದ್ದದ ಅಲಗು ನಿಮಿಷಕ್ಕೆ 3,500 ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ 82 ಮೀಟರಿಗಿಂತ ಹೆಚ್ಚು ದೂರ ಓಡುತ್ತದೆ. ಗಂಟೆಗೆ ಇದು ಸುಮಾರು 300 ಕಿಲೋಮೀಟರ್ ಆಯಿತು. ಹುಲ್ಲಿನಲ್ಲಿ ಅಡಗಿದ ಚಿಕ್ಕ ಜಲ್ಲಿಕಲ್ಲು ಈ ತುದಿಗೆ ಸಿಕ್ಕರೆ ಕವಣೆಯ ಕಲ್ಲಿನಂತೆ ಹಾರುವುದರಲ್ಲಿ ಆಶ್ಚರ್ಯವೇನು?

ನಿಂತ ಯಂತ್ರ ಬೇರೆ, ಏಳಲಾರದ ಯಂತ್ರ ಬೇರೆ

ಯಂತ್ರ ಓಡುತ್ತಿರುವಾಗ ಎಲ್ಲರಿಗೂ ಅಂಜಿಕೆ ಇರುತ್ತದೆ. ಸದ್ದೇ ನಮ್ಮನ್ನು ಎಚ್ಚರಿಸುತ್ತದೆ. ಸದ್ದು ನಿಂತೊಡನೆ ಅಂಜಿಕೆಯೂ ಹೋಗುತ್ತದೆ. ಕೈ ಮುಂದೆ ಹೋಗುವುದು ಆಗಲೇ. ಆದುದರಿಂದ ಈ ಲೇಖನದಲ್ಲಿ ನೆನಪಿಡಬೇಕಾದ ಮಾತು ಒಂದೇ: ಯಂತ್ರ ನಿಂತಿದೆ ಎಂದ ಮಾತ್ರಕ್ಕೆ ಅದರ ಕೆಳಗೆ ಕೈಹಾಕಬಾರದು; ಅದು ಮತ್ತೆ ಏಳಲಾರದಂತೆ ಮಾಡಿದ ಮೇಲೆಯೇ ಕೈಹಾಕಬೇಕು.

ಕಾರಣ ಮೂರು. ಒಂದು, ಹಿಡಿಕೆ ಬಿಟ್ಟ ಕೂಡಲೇ ಅಲಗು ನಿಲ್ಲುವುದಿಲ್ಲ. ಅಮೆರಿಕದಲ್ಲಿ ತಳ್ಳುವ ಯಂತ್ರಗಳಿಗೆ 1982ರಲ್ಲಿ ಜಾರಿಗೆ ಬಂದ ನಿಯಮದಂತೆ, ಹಿಡಿಕೆ ಬಿಟ್ಟ 3 ಸೆಕೆಂಡುಗಳೊಳಗೆ ಅಲಗು ನಿಲ್ಲಬೇಕು. ಮೂರು ಸೆಕೆಂಡು ಅಲ್ಪವೆನಿಸಬಹುದು. ಆದರೆ 3,500ರ ವೇಗ ಒಂದೇ ಸಮನೆ ಇಳಿಯುತ್ತ ಬಂದರೂ ಆ ಮೂರು ಸೆಕೆಂಡಿನಲ್ಲಿ ಅಲಗು ಎಂಬತ್ತಕ್ಕೂ ಹೆಚ್ಚು ಸುತ್ತು ಹಾಕಿರುತ್ತದೆ. ಎರಡು, ಬೇರೊಬ್ಬನು ಬಂದು ತಿಳಿಯದೆ ಚಾವಿ ತಿರುಗಿಸಬಹುದು. ಮೂರು, ಅಲಗುಗಳೆಲ್ಲ ಒಂದೇ ಬೆಲ್ಟಿಗೆ ಕಟ್ಟುಬಿದ್ದಿರುವುದರಿಂದ ಒಂದನ್ನು ಕೈಯಿಂದ ತಿರುಗಿಸಿದರೆ ಇನ್ನೊಂದೂ ತಿರುಗಬಹುದು. ಬಲಗೈ ಒಂದು ಅಲಗನ್ನು ತಿರುಗಿಸುವಾಗ ಎಡಗೈ ಮತ್ತೊಂದರ ಬಳಿ ಇದ್ದರೆ ಎಂಜಿನು ಬೇಕಾಗಿಲ್ಲ, ಬೆರಳಿಗೆ ಅಷ್ಟೇ ಸಾಕು.

ಆದಕಾರಣ ಕೆಲಸಕ್ಕೆ ಮೊದಲು ಈ ಕ್ರಮವನ್ನು ತಪ್ಪದೆ ಅನುಸರಿಸಬೇಕು. ಯಂತ್ರವನ್ನು ಸಮನಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಅಲಗಿನ ಕ್ಲಚ್ಚನ್ನು ಬಿಡಿಸಿ. ಕೈಬ್ರೇಕು ಎಳೆಯಿರಿ. ಎಂಜಿನು ನಿಲ್ಲಿಸಿ ಚಾವಿಯನ್ನು ತೆಗೆದು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಪೂರಾ ನಿಂತಿತೆಂದು ಕಣ್ಣಾರೆ ಕಂಡ ಮೇಲೆ ಇಳಿದು ಎಂಜಿನು ತಣ್ಣಗಾಗಲು ಬಿಡಿ. ಅನಂತರ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿ, ಅದು ಪ್ಲಗ್ಗಿಗೆ ತಾಗದಂತೆ ದೂರ ಸರಿಸಿ. ಎಂಜಿನಿಗೆ ಎರಡು ಪ್ಲಗ್ಗುಗಳಿದ್ದರೆ ಎರಡನ್ನೂ ಕಳಚಬೇಕು. ಬ್ಯಾಟರಿಯ ತಂತಿ ಬಿಚ್ಚುವುದಾದರೆ ಮೊದಲು ಋಣ ತುದಿ, ಅಂದರೆ ಕಳೆಯುವ ಗುರುತಿನದು. ಜೋಡಿಸುವಾಗ ಅದೇ ಕಡೆಯದು. ಹೀಗೆ ಮಾಡಿದರೆ ಪಾನಾ ಅಕಸ್ಮಾತ್ ಯಂತ್ರದ ಮೈಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಬ್ಯಾಟರಿಯಿಂದಲೇ ಓಡುವ ಯಂತ್ರಗಳೂ ಈಗ ಬಂದಿವೆ. ಅವು ನಿಂತಾಗ ಸದ್ದೇ ಇರದ ಕಾರಣ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕೈಪಿಡಿ ಹೇಳಿದಂತೆ ವಿದ್ಯುತ್ತಿನ ಕೊಂಡಿಯನ್ನು ಕಳಚದೆ ಮುಟ್ಟಕೂಡದು.

ಎತ್ತಿ ನಿಲ್ಲಿಸುವ ಬಗೆ

ಡೆಕ್ಕಿನ ಕೆಳಗೆ ಕೆಲಸ ಮಾಡಲು ಎರಡು ದಾರಿಗಳಿವೆ. ಡೆಕ್ಕನ್ನೇ ಕಳಚಿ ಪಕ್ಕಕ್ಕೆ ಎಳೆದು ಹೊರತರುವುದು ಮೊದಲನೆಯದು. ಅನೇಕ ಯಂತ್ರಗಳಲ್ಲಿ ಡೆಕ್ಕನ್ನು ತೀರ ಕೆಳಕ್ಕೆ ಇಳಿಸಿ, ಬೆಲ್ಟು ಬಿಡಿಸಿ, ನಾಲ್ಕಾರು ಪಿನ್ನುಗಳನ್ನು ತೆಗೆದರೆ ಅದು ಬಿಡುಗಡೆಯಾಗುತ್ತದೆ. ಸಮಯ ಸ್ವಲ್ಪ ಹೆಚ್ಚು ಹಿಡಿದರೂ ಇದೇ ಲೇಸು. ತಲೆಯ ಮೇಲೆ ಭಾರವಿರುವುದಿಲ್ಲ. ಇಲ್ಲೊಂದು ಎಚ್ಚರಿಕೆ: ಡೆಕ್ಕಿನ ಭಾರ ಹೋದ ಕೂಡಲೇ ಅದನ್ನು ಏರಿಸುವ ಹಿಡಿಕೆ ಸ್ಪ್ರಿಂಗಿನ ಬಲದಿಂದ ಚಿಮ್ಮಬಹುದು. ಮುಖವನ್ನು ಅದರ ದಾರಿಯಲ್ಲಿ ಇಡಬೇಡಿ.

ಎರಡನೆಯ ದಾರಿ, ಯಂತ್ರದ ಮುಂಭಾಗವನ್ನು ಎತ್ತುವುದು. ಜಾಕು ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಎತ್ತಿದ ಮೇಲೆ ಭಾರ ತಾಳುವ ಸ್ಟ್ಯಾಂಡುಗಳನ್ನು ಚೌಕಟ್ಟಿನ ಕೆಳಗೆ ಕೊಟ್ಟು, ಹಿಂದಿನ ಗಾಲಿಗಳಿಗೆ ಮುಂದೆಯೂ ಹಿಂದೆಯೂ ಮರದ ತುಂಡುಗಳನ್ನು ಒತ್ತುಕೊಟ್ಟು, ಯಂತ್ರವನ್ನು ಕೈಯಿಂದ ಅಲುಗಿಸಿ ನೋಡಿಯೇ ಮುಂದುವರಿಯಬೇಕು. ಒಂದರ ಮೇಲೊಂದು ಇಟ್ಟ ಇಟ್ಟಿಗೆಗಳನ್ನು ನಂಬಬೇಡಿ. ಇಟ್ಟಿಗೆ ಒಡೆಯುವ ಮುನ್ನ ಹೇಳಿ ಒಡೆಯುವುದಿಲ್ಲ. ಮರದ ಕೊಂಬೆಗೆ ಸರಪಳಿ ಹಾಕಿ ತೂಗಿಸುವುದು, ನಾಲ್ವರು ಸೇರಿ ಎತ್ತಿ ಹಿಡಿದಿರುವಾಗ ಐದನೆಯವನು ಕೆಳಗೆ ನುಸುಳುವುದು, ಇವೆರಡೂ ಜೀವದೊಡನೆ ಆಟ. ಯಂತ್ರವನ್ನು ಪಕ್ಕಕ್ಕೆ ಉರುಳಿಸಿದರೆ ಪೆಟ್ರೋಲು ಸೋರೀತು, ಬ್ಯಾಟರಿಯ ಆಮ್ಲ ಚೆಲ್ಲೀತು. ಅದೂ ಸಲ್ಲದು.

ಶುಚಿಮಾಡುವುದು

ಜೂನ್ ತಿಂಗಳಿನಿಂದ ಮುಂಬಯಿಯಲ್ಲಿ ಹುಲ್ಲು ಬೆಳೆಯುವ ಪರಿ ಎಲ್ಲರೂ ಕಂಡದ್ದೇ. ಒದ್ದೆ ಹುಲ್ಲನ್ನು ಕತ್ತರಿಸಿದರೆ ಅದು ಡೆಕ್ಕಿನ ಒಳಮೈಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಅಲಗಿನ ಗಾಳಿ ಹುಲ್ಲನ್ನು ನೆಟ್ಟಗೆ ನಿಲ್ಲಿಸಿ, ಕತ್ತರಿಸಿದ ಚೂರನ್ನು ಹೊರಗೆ ತಳ್ಳಬೇಕು. ಒಳಗೆ ಜಾಗ ಕಿರಿದಾದರೆ ಗಾಳಿ ಆಡುವುದಿಲ್ಲ. ಹುಲ್ಲು ಉಂಡೆಯುಂಡೆಯಾಗಿ ಬೀಳುತ್ತದೆ, ಬಾಯಿ ಕಟ್ಟಿಕೊಳ್ಳುತ್ತದೆ. ಮೆತ್ತಿಕೊಂಡ ಹುಲ್ಲು ತೇವವನ್ನು ಹಿಡಿದಿಟ್ಟು ಉಕ್ಕಿಗೆ ತುಕ್ಕನ್ನೂ ತರುತ್ತದೆ.

ಬಾಯಿ ಕಟ್ಟಿದಾಗಲೇ ದೊಡ್ಡ ಅಪಾಯ. ಎಂಜಿನು ಓಡುತ್ತಿರುವಂತೆಯೇ ಬಗ್ಗಿ ಕೈಯಿಂದ ಹುಲ್ಲು ಕೀಳುವ ಆತುರ ಯಾರಿಗಾದರೂ ಬಂದೀತು. ಹಾಗೆ ಎಂದಿಗೂ ಮಾಡಬಾರದು. ಕಾಲಿನಿಂದ ಒದೆಯಲೂಬಾರದು. ಮೇಲೆ ಹೇಳಿದ ಕ್ರಮವನ್ನೆಲ್ಲ ಅನುಸರಿಸಿ, ಆಮೇಲೆ ಕೋಲಿನಿಂದ ಕೆದಕಿ ತೆಗೆಯಬೇಕು.

ಒಳಮೈಯನ್ನು ಮರದ ಅಥವಾ ಪ್ಲಾಸ್ಟಿಕ್ಕಿನ ಚಪ್ಪಟೆ ತುಂಡಿನಿಂದ ಕೆರೆದರೆ ಬಣ್ಣ ಉಳಿಯುತ್ತದೆ. ಹುಲ್ಲು ಒಣಗಿ ಗಟ್ಟಿಯಾಗುವ ಮೊದಲು, ಅಂದಂದಿನ ಕೆಲಸ ಮುಗಿದ ಮೇಲೆಯೇ ಕೆರೆದರೆ ಅರ್ಧ ಶ್ರಮ. ನೀರಿನ ಪೈಪು ಜೋಡಿಸಲು ಕೆಲವು ಡೆಕ್ಕುಗಳಲ್ಲಿ ಪ್ರತ್ಯೇಕ ಬಾಯಿ ಇರುತ್ತದೆ. ಅಂಥ ಯಂತ್ರದಲ್ಲಿ ಅಲಗು ತಿರುಗುತ್ತಲೇ ಒಳಮೈ ತೊಳೆಯುತ್ತದೆ. ಆಗ ಕೈಪಿಡಿಯ ಕ್ರಮದಂತೆ ನಡೆಸುವವನು ಆಸನದ ಮೇಲಿರಬೇಕು, ಬೇರಾರೂ ಹತ್ತಿರ ಸುಳಿಯಬಾರದು. ಬಿಸಿಯಾದ ಎಂಜಿನಿಗೆ, ಬೇರಿಂಗುಗಳಿಗೆ, ಬೆಲ್ಟಿಗೆ, ವಿದ್ಯುತ್ತಿನ ಕ್ಲಚ್ಚಿಗೆ ಜೋರಾಗಿ ನೀರು ಹೊಡೆಯಬೇಡಿ. ಡೆಕ್ಕಿನ ನೆತ್ತಿಯ ಮೇಲೆ, ಬೆಲ್ಟಿನ ಮುಚ್ಚಳದ ಕೆಳಗೆ ಸೇರುವ ಒಣ ಹುಲ್ಲನ್ನೂ ಗುಡಿಸಿ ತೆಗೆಯಬೇಕು. ಬಿಸಿಯ ಬಳಿ ಅದು ಬೆಂಕಿಗೆ ಆಹಾರ.

ಅಲಗಿನ ಹರಿತ

ಅಲಗು ಮೊಂಡಾಗಿದೆ ಎಂಬುದನ್ನು ಹುಲ್ಲೇ ಹೇಳುತ್ತದೆ. ಹರಿತವಾದ ಅಲಗು ಕಡಿದ ಗರಿಕೆಯ ತುದಿ ನೇರವಾಗಿರುತ್ತದೆ. ಮೊಂಡು ಅಲಗು ಹರಿದ ತುದಿ ನಾರುನಾರಾಗಿ, ಒಂದೆರಡು ದಿನಗಳಲ್ಲಿ ಬೆಳ್ಳಗೋ ಕಂದಾಗಿಯೋ ಆಗಿ, ಮೈದಾನವೆಲ್ಲ ಮಂಕಾಗಿ ಕಾಣುತ್ತದೆ.

ಅಲಗು ತೆಗೆಯುವಾಗ ದಪ್ಪ ಚರ್ಮದ ಕೈಗವಸು ಇರಬೇಕು. ಅಲಗು ತಿರುಗದಂತೆ ಅದಕ್ಕೂ ಡೆಕ್ಕಿನ ಅಂಚಿಗೂ ನಡುವೆ ಮರದ ತುಂಡು ಇಟ್ಟು, ಸರಿಯಾದ ಅಳತೆಯ ಪಾನಾದಿಂದ ಬೋಲ್ಟು ಬಿಚ್ಚಬೇಕು. ಪಾನಾ ಜಾರಿದರೆ ಕೈ ಎಲ್ಲಿ ಹೋಗಿ ಬಡಿಯುವುದೆಂದು ಮೊದಲೇ ನೋಡಿಕೊಳ್ಳಿ. ಅಲಗಿನ ಯಾವ ಮೈ ನೆಲದ ಕಡೆಗಿತ್ತೆಂದು ಸೀಮೆಸುಣ್ಣದಿಂದ ಗುರುತು ಹಾಕಿಡುವುದು ಒಳ್ಳೆಯ ಅಭ್ಯಾಸ.

ಹರಿತಗೊಳಿಸಲು ಅಲಗನ್ನು ವೈಸಿನಲ್ಲಿ ಬಿಗಿದು ಅರದಿಂದ, ಮುಂಬಯಿಯವರ ಮಾತಿನಲ್ಲಿ ಕಾನಸಿನಿಂದ, ಮೊದಲಿದ್ದ ಓರೆಯಲ್ಲೇ ಉಜ್ಜಬೇಕು. ಆ ಓರೆ ಸಾಮಾನ್ಯವಾಗಿ 30 ಡಿಗ್ರಿಯ ಆಸುಪಾಸು ಇರುತ್ತದೆ. ಸಾಣೆಯ ಯಂತ್ರ ಬಳಸಿದರೆ ಕಣ್ಣಿಗೆ ಕನ್ನಡಕ ಕಡ್ಡಾಯ. ಒಂದೇ ಕಡೆ ಹೆಚ್ಚು ಹೊತ್ತು ಒತ್ತಿದರೆ ಅಂಚು ನೀಲಿಗಟ್ಟುತ್ತದೆ. ನೀಲಿಗಟ್ಟಿತೆಂದರೆ ಉಕ್ಕಿನ ಹದ ಹೋಯಿತೆಂದೇ ಅರ್ಥ. ಕ್ಷೌರದ ಕತ್ತಿಯ ಹರಿತ ಬೇಕಾಗಿಲ್ಲ. ಅಷ್ಟು ತೆಳ್ಳಗಾದ ಅಂಚು ಬೇಗ ಮುಕ್ಕಾಗುತ್ತದೆ.

ಆಮೇಲೆ ತೂಕ ನೋಡಬೇಕು. ಗೋಡೆಗೆ ಹೊಡೆದ ಮೊಳೆಗೆ ಅಲಗಿನ ನಡುರಂಧ್ರವನ್ನು ಸಿಕ್ಕಿಸಿ ಅಡ್ಡಲಾಗಿ ಬಿಡಿ. ಯಾವ ತುದಿ ಕೆಳಗೆ ಇಳಿಯುತ್ತದೋ ಅದು ಭಾರವೆಂದು ತಿಳಿದು, ಆ ಅಂಚನ್ನು ಇನ್ನಷ್ಟು ಉಜ್ಜಿ. ಎರಡೂ ತುದಿಗಳು ತಕ್ಕಡಿಯಂತೆ ಸಮನಾಗುವವರೆಗೆ ಇದನ್ನು ಮಾಡಬೇಕು. ತೂಕ ತಪ್ಪಿದ ಅಲಗು ಯಂತ್ರವನ್ನು ನಡುಗಿಸಿ ಸ್ಪಿಂಡಲಿನ ಬೇರಿಂಗನ್ನು ತಿಂದುಹಾಕುತ್ತದೆ.

ಬಾಗಿದ ಅಲಗನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಿಸುವುದು, ಬಿರುಕು ಬಿಟ್ಟದ್ದಕ್ಕೆ ವೆಲ್ಡಿಂಗ್ ಹಾಕಿಸುವುದು ಉಳಿತಾಯವೆಂದು ಕಾಣಬಹುದು. ಅಂಥ ಅಲಗು ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಮುರಿದರೆ ಆ ತುಂಡು ಎಲ್ಲಿಗೆ ಹೋಗುವುದೆಂದು ಯಾರು ಹೇಳಬಲ್ಲರು? ಅದನ್ನು ಎಸೆದು ಆ ಯಂತ್ರಕ್ಕೆ ಹೇಳಿಮಾಡಿಸಿದ ಹೊಸದನ್ನೇ ಹಾಕಬೇಕು. ಅಲಗಿನ ಹಿಂಬದಿಯಲ್ಲಿ ಮೇಲಕ್ಕೆ ಬಾಗಿದ ರೆಕ್ಕೆ ಮರಳಿನ ಉಜ್ಜಿಗೆ ತೆಳ್ಳಗಾಗಿ ಸೀಳು ಕಂಡರೂ ಹಾಗೆಯೇ. ಮರಳಿ ಜೋಡಿಸುವಾಗ ಆ ರೆಕ್ಕೆ ಡೆಕ್ಕಿನ ನೆತ್ತಿಯ ಕಡೆಗೆ ಇರಬೇಕು. ಬೋಲ್ಟಿನ ಬಿಗಿ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ. ಅದಕ್ಕೆ ಅಳತೆಯ ಪಾನಾ ಬರುತ್ತದೆ.

ಬೆಲ್ಟು, ಬೇರಿಂಗು, ಮಟ್ಟ

ಡೆಕ್ಕು ಬಿಚ್ಚಿದಾಗ ಬೆಲ್ಟನ್ನೂ ನೋಡಿ. ಬಿರುಕು, ನೂಲು ಎದ್ದದ್ದು, ಅಂಚು ಸುಟ್ಟು ಹೊಳಪಾದದ್ದು ಕಂಡರೆ ಬದಲಿಸುವ ಕಾಲ ಬಂತು. ಬೆಲ್ಟನ್ನು ಬಿಗಿಹಿಡಿಯುವ ಪುಲ್ಲಿಗೆ ಬಲವಾದ ಸ್ಪ್ರಿಂಗು ಇರುತ್ತದೆ. ಬೆರಳುಗಳು ಬೆಲ್ಟಿಗೂ ಪುಲ್ಲಿಗೂ ನಡುವೆ ಹೋಗದಂತೆ ಎಚ್ಚರ ವಹಿಸಬೇಕು. ಅಲಗನ್ನು ಮೇಲೆ ಕೆಳಗೆ ಅಲುಗಿಸಿದಾಗ ಸ್ಪಿಂಡಲು ಸಡಿಲವೆನಿಸಿದರೆ, ತಿರುಗಿಸಿದಾಗ ಮರಳು ಅರೆದಂಥ ಸದ್ದು ಬಂದರೆ ಬೇರಿಂಗು ಮುಗಿದಿದೆ. ಗ್ರೀಸು ಹಾಕುವ ಮೊಲೆಗಳಿದ್ದರೆ ಹೇಳಿದ ಅವಧಿಗೆ ಗ್ರೀಸು ಕೊಡಿ.

ಎಲ್ಲ ಮುಗಿದ ಮೇಲೆ ಡೆಕ್ಕಿನ ಮಟ್ಟ. ಇದಕ್ಕೆ ಮೊದಲು ನಾಲ್ಕೂ ಟೈರುಗಳ ಗಾಳಿ ನೋಡಬೇಕು. ಒಂದು ಟೈರು ಸೊರಗಿದ್ದರೆ ಮಟ್ಟ ನೋಡಿದ್ದೆಲ್ಲ ವ್ಯರ್ಥ. ಅಲಗನ್ನು ಅಡ್ಡಕ್ಕೆ ತಿರುಗಿಸಿ ಎಡತುದಿಯಿಂದಲೂ ಬಲತುದಿಯಿಂದಲೂ ನೆಲಕ್ಕೆ ಎಷ್ಟು ಅಂತರವೆಂದು ಅಳೆಯಿರಿ. ಸಾಮಾನ್ಯವಾಗಿ ವ್ಯತ್ಯಾಸ 3 ಮಿಲಿಮೀಟರಿಗೆ ಮೀರಬಾರದು. ಉದ್ದಕ್ಕೆ ತಿರುಗಿಸಿದಾಗ ಮುಂದಿನ ತುದಿ ಹಿಂದಿನದಕ್ಕಿಂತ ಕೆಲವು ಮಿಲಿಮೀಟರ್ ತಗ್ಗಿರಬೇಕು. ಹಾಗಿದ್ದರೆ ಒಂದೇ ಹುಲ್ಲನ್ನು ಅಲಗು ಎರಡು ಸಲ ಹೊಡೆಯುವುದಿಲ್ಲ. ಸರಿಯಾದ ಅಳತೆಯನ್ನು ಆಯಾ ಯಂತ್ರದ ಕೈಪಿಡಿ ಹೇಳುತ್ತದೆ.

ಕಳಚಬಾರದ ಎರಡು ವಸ್ತುಗಳು

ಹುಲ್ಲು ಹೊರಬೀಳುವ ಬಾಯಿಯ ಮೇಲಿನ ಮರೆಯನ್ನು, ಹುಲ್ಲು ಸರಾಗವಾಗಿ ಬೀಳಲೆಂದು ತೆಗೆದಿಡುವವರಿದ್ದಾರೆ. ಅದು ಇರುವುದೇ ಕಲ್ಲು ಜನರತ್ತ ಹಾರದಿರಲೆಂದು. ಮುರಿದಿದ್ದರೆ ಹೊಸದು ಹಾಕಿಸಿಯೇ ಯಂತ್ರ ಹೊರಡಿಸಬೇಕು. ಆಸನದ ಕೆಳಗೊಂದು ಸ್ವಿಚ್ಚು ಇರುತ್ತದೆ. ಅಲಗು ತಿರುಗುತ್ತಿರುವಾಗ ನಡೆಸುವವನು ಎದ್ದರೆ ಅದು ಅಲಗನ್ನು ನಿಲ್ಲಿಸುತ್ತದೆ. ಪದೇ ಪದೇ ಇಳಿದು ಹತ್ತುವ ಬೇಸರಕ್ಕೆ ಅದರ ಎರಡು ತಂತಿಗಳನ್ನು ಸೇರಿಸಿಬಿಡುವುದು ಸುಲಭ. ಆದರೆ ಜಾರಿ ಬಿದ್ದವನನ್ನು ಉಳಿಸುವುದು ಆ ಸ್ವಿಚ್ಚು ಮಾತ್ರ. ಡೆಕ್ಕಿನ ಕೆಲಸ ಮುಗಿದ ಮೇಲೆ ಇವೆರಡೂ ತಮ್ಮ ಸ್ಥಾನದಲ್ಲಿ ಸರಿಯಾಗಿವೆಯೇ ಎಂದು ನೋಡುವುದು ಕೆಲಸದ ಕೊನೆಯ ಭಾಗವೆಂದೇ ತಿಳಿಯಬೇಕು. ಲುಂಗಿ, ಇಳಿಬಿಟ್ಟ ಟವೆಲು, ಚಪ್ಪಲಿ ಈ ಕೆಲಸಕ್ಕೆ ಒಪ್ಪುವ ಉಡುಪಲ್ಲ. ಮೈಗೆ ಹತ್ತಿದ ಬಟ್ಟೆ, ಗಟ್ಟಿ ಬೂಟು ಇರಲಿ.

ಆತುರದ ಮಾತು

ಇಷ್ಟೆಲ್ಲ ಮಾಡಲು ಸಮಯ ಎಲ್ಲಿದೆ ಎಂದು ಕೆಲಸಗಾರ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಸಾಯಂಕಾಲ ಪಂದ್ಯವಿದೆ, ಸಾಹೇಬರು ಬರುತ್ತಾರೆ, ಬೇಗ ಮುಗಿಸು ಎನ್ನುವ ಮೇಲಧಿಕಾರಿ ಎಲ್ಲೆಡೆಯೂ ಇದ್ದಾನೆ. ಆದರೆ ಚಾವಿ ಜೇಬಿಗೆ ಹಾಕಿ ಪ್ಲಗ್ಗಿನ ತಂತಿ ಕಳಚಲು ಒಂದೆರಡು ನಿಮಿಷ ಸಾಕು. ಊರಿನಲ್ಲಿ ಮನಿಯಾರ್ಡರಿನ ದಾರಿ ಕಾಯುತ್ತಿದ್ದ ಕಾಲ ಹೋಗಿ ಈಗ ಫೋನಿನಲ್ಲೇ ಹಣ ಹೋಗುತ್ತದೆ. ಆ ಹಣವನ್ನು ದುಡಿಯುವ ಬೆರಳುಗಳು ಮಾತ್ರ ಅಂದಿನಂತೆ ಇಂದೂ ಹತ್ತೇ. ಕೂಲಿಯವನಿಗೆ ಅವೇ ಹೊಲ, ಅವೇ ಮನೆ.

ಕಚೇರಿಯ ಬಂಧುಗಳು ಇಲ್ಲಿ ಒಂದು ಉಪಕಾರ ಮಾಡಬಹುದು. ನಿಮ್ಮ ಆವರಣದಲ್ಲಿ ಇಂಥ ಯಂತ್ರವಿದ್ದರೆ ಅದರ ಕೈಪಿಡಿ ಎಲ್ಲಿದೆಯೆಂದು ವಿಚಾರಿಸಿ. ಅದು ಬಹಳ ಸಲ ಖರೀದಿಯ ಫೈಲಿನಲ್ಲಿ ಬಿಲ್ಲಿನ ಜೊತೆಗೆ ನಿದ್ರಿಸುತ್ತಿರುತ್ತದೆ. ಅದನ್ನು ಹೊರತೆಗೆದು, ಒಂದು ಭಾನುವಾರ ಆ ಮಾಲಿ ಅಣ್ಣನ ಜೊತೆ ಕುಳಿತು ಕನ್ನಡದಲ್ಲಿ ಹೇಳಿ. ಯಂತ್ರವಿಡುವ ಶೆಡ್ಡಿನ ಗೋಡೆಗೆ ಈ ಐದು ಸಾಲುಗಳನ್ನು ದೊಡ್ಡಕ್ಷರದಲ್ಲಿ ಬರೆದು ಅಂಟಿಸಿ. ಬೇರೆ ಭಾಷೆಯವರಿದ್ದರೆ ಅವರ ಭಾಷೆಯಲ್ಲೂ ಕೆಳಗೆ ಬರೆಯಿರಿ.

1. ಚಾವಿ ಕೆಲಸ ಮಾಡುವವನ ಜೇಬಿನಲ್ಲಿ.
2. ಪ್ಲಗ್ಗಿನ ತಂತಿ ಕಳಚಿದ ಮೇಲೆಯೇ ಅಲಗಿನ ಕೆಲಸ.
3. ಜಾಕಿನ ಮೇಲೆ ನಿಂತ ಯಂತ್ರದ ಕೆಳಗೆ ಯಾರೂ ಹೋಗಬಾರದು.
4. ಬಾಯಿ ಕಟ್ಟಿದರೆ ಮೊದಲು ಎಂಜಿನು ನಿಲ್ಲಿಸು, ಆಮೇಲೆ ಕೋಲು ತೆಗೆದುಕೋ.
5. ಮರೆ, ಆಸನದ ಸ್ವಿಚ್ಚು ಸರಿಯಿಲ್ಲದಿದ್ದರೆ ಯಂತ್ರ ಹೊರಡದು.

ಕೈಪಿಡಿ ಓದಿ ಅರ್ಥವಾಗದಿದ್ದರೆ ಅದನ್ನು ವಾಚನಾಲಯಕ್ಕೆ ತನ್ನಿ. ಇಲ್ಲಿ ಸಂಜೆ ಸೇರುವವರಲ್ಲಿ ಓದಿ ಹೇಳಬಲ್ಲವರು ಒಬ್ಬರಾದರೂ ಇದ್ದೇ ಇರುತ್ತಾರೆ.